ಇಬ್ಬರು ರಾಣಿಯರ ದಾರಿ

ಕೋಟೆ ಕೊತ್ತಲ ನೋಡುವುದೆಂದರೆ ನಮ್ಮ ಕಡೆಯ ಹೆಂಗಸರಿಗೆ ಹಂಪಿಯೋ ಚಿತ್ರದುರ್ಗವೋ ಆಗಬೇಕು. ಶಿವಮೊಗ್ಗದಿಂದ ಹೊರಟರೆ ಒಂದೇ ದಿನದ ದಾರಿಯಲ್ಲಿ ಒಂದೇ ಮನೆತನದ ಮೂರು ರಾಜಧಾನಿಗಳು ಸಿಗುತ್ತವೆ: ಕೆಳದಿ, ಇಕ್ಕೇರಿ, ಬಿದನೂರು. 1500ರ ಸುಮಾರಿನಿಂದ 1763ರವರೆಗೆ ಈ ಮಲೆನಾಡನ್ನೂ ಘಟ್ಟದ ಕೆಳಗಿನ ಕರಾವಳಿಯನ್ನೂ ಆಳಿದವರು ಕೆಳದಿಯ ನಾಯಕರು. ಅವರ ಗದ್ದುಗೆಯ ಮೇಲೆ ಇಬ್ಬರು ಹೆಂಗಸರೂ ಕೂತಿದ್ದರು. ಒಬ್ಬಳ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಇನ್ನೊಬ್ಬಳ ಹೆಸರು ಬಂದರೆ ಹಿರಿಯರು ಮಾತು ಬದಲಾಯಿಸುತ್ತಾರೆ. ಆ ಇನ್ನೊಬ್ಬಳ ಊರನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ.

ಬಾಡಿಗೆ ಕಾರು ಮಾಡಿಕೊಂಡು ಮೊದಲು ಭದ್ರಾವತಿಗೆ ಹೋದೆವು, ಅತ್ತಿಗೆಯನ್ನು ಕರೆದುಕೊಳ್ಳಲು. ಹಳೆಯ ಬೆಂಕಿಪುರವೇ ಈ ಭದ್ರಾವತಿ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕುಲುಮೆ ಹತ್ತಿದ ಮೇಲೆ ಎಲ್ಲರೂ ಅದನ್ನೇ ಹೇಳುತ್ತಾರೆ; ಊರೊಳಗಿನ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನವನ್ನು ಮರೆಯುತ್ತಾರೆ. ಮೂರು ಗರ್ಭಗುಡಿಯ ಆ ಗುಡಿಗೆ ಕೈಮುಗಿದು ಹೊರಟೆವು. ಶಿವಮೊಗ್ಗದಲ್ಲಿ ತುಂಗೆಯ ದಡದ ಶಿವಪ್ಪ ನಾಯಕನ ಅರಮನೆ. ದಪ್ಪ ಮರದ ಕಂಬಗಳ ದರ್ಬಾರು, ಅಂಗಳದ ತೋಟದಲ್ಲಿ ವೀರಗಲ್ಲು, ಮಾಸ್ತಿಕಲ್ಲು. ಹೆಸರು ಶಿವಪ್ಪ ನಾಯಕನದಾದರೂ ಈಗಿನ ಕಟ್ಟಡ ಹೈದರನ ಕಾಲದ್ದಿರಬೇಕು ಎನ್ನುವವರಿದ್ದಾರೆ. ಮಾಸ್ತಿಕಲ್ಲಿನ ಮುಂದೆ ಅತ್ತಿಗೆ ಒಂದು ಗಳಿಗೆ ನಿಂತರು. “ಇವಳ ಹೆಸರೂ ಬರೆದಿಲ್ಲ ನೋಡು” ಎಂದರು.

ಸಾಗರದಿಂದ ಕೆಳದಿ ಹತ್ತಿರ. ರಾಮೇಶ್ವರ, ವೀರಭದ್ರ ಗುಡಿಗಳು ಒಂದೇ ಪ್ರಾಕಾರದಲ್ಲಿವೆ. ವೀರಭದ್ರನ ಗುಡಿಯ ಒಳಮಾಳಿಗೆಯಲ್ಲಿ ಗಂಡಭೇರುಂಡ. ಕತ್ತು ನೋಯುವವರೆಗೆ ನೋಡಬಹುದು. ಕೋಟೀಪುರದ ಸಿದ್ದಪ್ಪ ಶೆಟ್ಟಿಯ ಮಗಳು ಚೆನ್ನಮ್ಮನನ್ನು ಸೋಮಶೇಖರ ನಾಯಕ ಮೊದಲು ಕಂಡದ್ದು ಈ ರಾಮೇಶ್ವರನ ಜಾತ್ರೆಯಲ್ಲಂತೆ. ಅವನು ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಈಕೆ ಸುಮಾರು 1672ರಿಂದ 1697ರವರೆಗೆ ತಾನೇ ರಾಜ್ಯವಾಳಿದಳು. ಬಸಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡು ರಾಜನಾಗುವಂತೆ ಬೆಳೆಸಿದಳು. ‘ಶಿವತತ್ತ್ವರತ್ನಾಕರ’ ಬರೆಸಿದ ಬಸಪ್ಪ ನಾಯಕ ಅವನೇ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯಕ್ಕೆ ಸಿಗದೆ, ಜಿಂಜಿಯ ಕಡೆಗೆ ಹೋಗುತ್ತ, ವೇಷ ಮರೆಸಿಕೊಂಡು ಬಂದಾಗ ಆಸರೆ ಕೊಟ್ಟವಳು ಚೆನ್ನಮ್ಮ. ದಿಲ್ಲಿಯ ಬಾದಶಹನಿಗೆ ಹೆದರದೆ ಅತಿಥಿಯನ್ನು ಸುರಕ್ಷಿತವಾಗಿ ದಾಟಿಸಿ, ಬೆನ್ನಟ್ಟಿ ಬಂದ ಸೈನ್ಯವನ್ನು ಎದುರಿಸಿದಳು. ಇದು ಎಷ್ಟು ಸಲ ಕೇಳಿದರೂ ಸಾಲದ ಕಥೆ.

ಇಕ್ಕೇರಿಯಲ್ಲಿ ಅಘೋರೇಶ್ವರನ ದೊಡ್ಡ ಗುಡಿ, ಎದುರಿಗೆ ದೊಡ್ಡ ಬಸವ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ಮನಸ್ಸು ಆಗಲೇ ಬಿದನೂರಿಗೆ ಹೋಗಿತ್ತು.

ಹೊಸನಗರ ತಾಲ್ಲೂಕಿನ ನಗರವೇ ಆ ಬಿದನೂರು. ಭೂಮಿಗೆ ‘ಶಿಸ್ತು’ ಎಂಬ ಕಂದಾಯ ಕಟ್ಟಿ ಹೆಸರಾದ ಶಿವಪ್ಪ ನಾಯಕ (1645–1660) ಬೆಳೆಸಿದ ರಾಜಧಾನಿ. ಕೋಟೆಯೊಳಗೆ ಈಗ ಉಳಿದದ್ದು ಅರಮನೆಯ ಅಡಿಪಾಯ, ಮತ್ತು ಅಕ್ಕ-ತಂಗಿ ಕೊಳಗಳು. ಇಲ್ಲಿ ಕೊನೆಯದಾಗಿ ಆಳಿದವಳು ವೀರಮ್ಮಾಜಿ. ಗಂಡ ಸತ್ತ ಮೇಲೆ ದತ್ತುಮಗ ಚೆನ್ನಬಸಪ್ಪನ ಹೆಸರಿನಲ್ಲಿ, ಅವನು ಹೋದ ಮೇಲೆ 1757ರಿಂದ ಇನ್ನೊಬ್ಬ ದತ್ತುಮಗನ ಹೆಸರಿನಲ್ಲಿ ರಾಜ್ಯ ನಡೆಸಿದಳು. ಇವಳಿಗೊಬ್ಬ ಪ್ರಿಯಕರನಿದ್ದ, ದತ್ತುಮಗನನ್ನು ಕೊಲ್ಲಿಸಿದಳು ಎಂದು ಹಳೆಯ ಗೆಜೆಟಿಯರು ಬರೆದಿದೆ. ಚೆನ್ನಬಸಪ್ಪ ಸತ್ತಿಲ್ಲ, ನಾನೇ ಅವನು ಎಂದುಕೊಂಡು ಒಬ್ಬ ಹೈದರನ ಹತ್ತಿರ ಹೋದ. ಹೈದರನಿಗೆ ಬೇಕಾಗಿದ್ದ ನೆಪ ಸಿಕ್ಕಿತು. 1763ರಲ್ಲಿ ಕೋಟೆಗೆ ನುಗ್ಗಿದ. ಅರಮನೆಗೆ ಬೆಂಕಿ ಹಾಕಿಸಿ ರಾಣಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಹೈದರ ಬೆಂಕಿ ಆರಿಸಿ ಬೊಕ್ಕಸವನ್ನು ಉಳಿಸಿಕೊಂಡ. ಊರಿಗೆ ಹೈದರನಗರವೆಂದು ತನ್ನ ಹೆಸರಿಟ್ಟ. ಇಕ್ಕೇರಿ ನಾಣ್ಯದ ಶಿವಪಾರ್ವತಿಯರನ್ನು ಮಾತ್ರ ತನ್ನ ವರಹದ ಮೇಲೂ ಹಾಗೆಯೇ ಇರಿಸಿಕೊಂಡ, ಜಾಣ.

ಅವನು ರಾಣಿಯನ್ನೂ ಅವಳ ಮಗನನ್ನೂ ಹಿಡಿದು ಮಧುಗಿರಿಯ ದುರ್ಗದಲ್ಲಿಟ್ಟ. ಜತೆಗೆ, ಗದ್ದುಗೆ ಕೊಡಿಸುತ್ತೇನೆಂದು ಕರೆತಂದಿದ್ದ ಆ ‘ಚೆನ್ನಬಸಪ್ಪ’ನನ್ನೂ ಅಲ್ಲಿಗೇ ಕಳಿಸಿದ! 1767ರಲ್ಲಿ ಮರಾಠರು ಅವಳನ್ನು ಬಿಡಿಸಿ ಕರೆದೊಯ್ದರು; ಪುಣೆ ಮುಟ್ಟುವ ಮೊದಲೇ ಪ್ರಾಣಬಿಟ್ಟಳು. ಅವಳ ಮೇಲಿನ ಅಪವಾದಗಳಲ್ಲಿ ನಿಜವೆಷ್ಟು? ದಂಡೆತ್ತಿ ಬಂದವನಿಗೆ ಅನುಕೂಲವಾದ ಕಥೆಗಳು ಇವು ಎಂಬುದಷ್ಟನ್ನು ನಾವು ನೆನಪಿಡಬೇಕು.

ನಗರದಿಂದ ಅನತಿ ದೂರದಲ್ಲಿ ಬಸವನಬ್ಯಾಣದ ದೇವಗಂಗೆ. ನಾಯಕರ ಕಾಲದ ಏಳು ಕೊಳಗಳು, ಒಂದೊಂದಕ್ಕೂ ಒಂದೊಂದು ಆಕಾರ. ಗುಡ್ಡದ ಊಟೆ ನೀರು ಒಂದರಿಂದ ಒಂದಕ್ಕೆ ತಾನೇ ಹರಿದುಹೋಗುತ್ತದೆ. ಅರಮನೆ ಬೂದಿಯಾದರೂ ನೀರಿನ ಲೆಕ್ಕಾಚಾರ ತಪ್ಪಿಲ್ಲ. ಅತ್ತಿಗೆ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟವರು ಡ್ರೈವರ್ ಹುಡುಗ “ಅಮ್ಮಾ, ಕತ್ತಲಾಗ್ತದೆ” ಎನ್ನುವವರೆಗೆ ಏಳಲಿಲ್ಲ.

ಹೊಸನಗರದಲ್ಲಿ ನೆಂಟರ ಮನೆಯಲ್ಲಿ ಉಳಿದು, ಮರುದಿನ ತೀರ್ಥಹಳ್ಳಿ ಕಡೆಯ ಕವಲೇದುರ್ಗಕ್ಕೆ ಹೋದೆವು. ಒಂದರ ಮೇಲೊಂದು ಮೂರು ಸುತ್ತಿನ ಕೋಟೆ. ಮಂಡಿನೋವಿನವರು ನಿಧಾನವಾಗಿ ಹತ್ತಬೇಕು. ಅರಮನೆಯ ಅವಶೇಷದಲ್ಲಿ ಕಲ್ಲಿನ ಒಲೆ ಇನ್ನೂ ಇದೆ, ಬಚ್ಚಲಿದೆ. ಅತ್ತಿಗೆ ಒಲೆಯನ್ನು ಕೈಯಲ್ಲಿ ಅಳೆದು, “ಎಷ್ಟು ಜನಕ್ಕೆ ಬಡಿಸುತ್ತಿದ್ದರೋ” ಎಂದರು. ಈ ದುರ್ಗಕ್ಕೆ ಭುವನಗಿರಿ ಎಂದೂ ಹೆಸರು. ಆಳ್ವಿಕೆಯ ಮೊದಲಲ್ಲಿ ಬಿಜಾಪುರದ ಸೈನ್ಯ ಬಿದನೂರಿಗೆ ಬಂದಾಗ ಚೆನ್ನಮ್ಮ ಬೊಕ್ಕಸದ ಸಮೇತ ಬಂದು ಸೇರಿದ್ದು ಇಲ್ಲಿಗೇ ಎನ್ನುತ್ತಾರೆ.

“ಹಾಗಾದರೆ ಇವಳೂ ಊರು ಬಿಟ್ಟು ಬಂದವಳೇ ಅಲ್ಲವೇನೇ?” ಎಂದರು ಅತ್ತಿಗೆ. “ಇವಳದ್ದು ಯುದ್ಧತಂತ್ರ, ವೀರಮ್ಮಂದು ಓಡಿಹೋದದ್ದು?”

ಒಲೆಯ ಪಕ್ಕ ಕೂತು ನಾನು ಅದನ್ನೇ ಯೋಚಿಸಿದೆ. ಚೆನ್ನಮ್ಮ ಇಲ್ಲಿಗೆ ಬಂದಾಗ ಸರದಾರರೂ ಪ್ರಜೆಗಳೂ ಅವಳ ಹಿಂದಿದ್ದರು. ಕಾಡಿನ ದಾರಿಗಳಲ್ಲಿ ಶತ್ರುವನ್ನು ಅಡ್ಡಗಟ್ಟಿದರು. ವೀರಮ್ಮಾಜಿಯ ಬಿದನೂರಿಗೆ ಹೈದರನನ್ನು ಕಳ್ಳದಾರಿಯಿಂದ ಕರೆತಂದವನು, ಆ ಅರಮನೆಯದೇ ಅನ್ನ ಉಂಡಿದ್ದ ಹಳೆಯ ಮಂತ್ರಿ ಲಿಂಗಣ್ಣ.