ಮಹಾರಾಜರ ಆಪ್ತ ಕಾರ್ಯದರ್ಶಿ (ಮೈಸೂರು ಸಂಸ್ಥಾನ)

ಮೈಸೂರು ಸಂಸ್ಥಾನದಲ್ಲಿ ದೊರೆಗೂ ದಿವಾನರಿಗೂ ನಡುವೆ ನಿಂತು ಕಾಗದಪತ್ರ, ಭೇಟಿ, ಬಿನ್ನಹ ಮತ್ತು ಅಪ್ಪಣೆಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಅರಮನೆಯ ಅಧಿಕಾರಿ. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಸೇರಿದ ಮೇಲೆ ಈ ಹುದ್ದೆಗೆ ಬೆಲೆ ಬಂತು. 1947ರಲ್ಲಿ ಜವಾಬ್ದಾರಿ ಸರ್ಕಾರ ಬಂದಾಗ ಅದರ ರಾಜಕೀಯ ತೂಕ ಇಳಿಯಿತು. ಹುಜೂರ್ ಸೆಕ್ರೆಟರಿ ಎಂಬ ಪದನಾಮವೂ ಅರಮನೆಯಲ್ಲಿ ಬಳಕೆಯಲ್ಲಿತ್ತು. ದಿವಾನಗಿರಿಯ ಬಗ್ಗೆ ಪುಸ್ತಕಗಳೇ ಇವೆ. ಆದರೆ ದಿವಾನರ ಕಡತ ದೊರೆಯ ಮೇಜಿಗೆ ಹೋಗುತ್ತಿದ್ದ ದಾರಿಯನ್ನು ಗಮನಿಸಿದವರು ಕಡಿಮೆ.

ಅರಮನೆಯ ಉದ್ಯೋಗಗಳು ಹಲವು. ಒಡ್ಡೋಲಗದ ಕ್ರಮ, ಆಸನ, ಮರ್ಯಾದೆಗಳನ್ನು ದರ್ಬಾರ್ ಬಕ್ಷಿ ನೋಡುತ್ತಿದ್ದರು. ಶಾಸ್ತ್ರದ ಮಾತಿಗೆ ಧರ್ಮಾಧಿಕಾರಿ, ಸಂಗೀತ ಸಾಹಿತ್ಯಕ್ಕೆ ಆಸ್ಥಾನ ವಿದ್ವಾಂಸರು ಇದ್ದರು. ಇವನ್ನು ಬರೀ ಆಡಂಬರದ ಹುದ್ದೆಗಳೆಂದು ತಳ್ಳಿಹಾಕುವುದು ಸರಿಯಲ್ಲ. ದರ್ಬಾರ್ ಬಕ್ಷಿಯಾಗಿದ್ದ ಅಂಬಿಲ್ ನರಸಿಂಹ ಅಯ್ಯಂಗಾರರೇ 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಲು ಮುಂದಾದವರು. ಮುಂದೆ ಅದೇ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಆದರೆ ಆಡಳಿತದ ನಾಡಿ ಸಿಗುತ್ತಿದ್ದುದು ಕಾರ್ಯದರ್ಶಿಯ ಕೈಗೆ.

ಎರಡು ಊರುಗಳ ನಡುವೆ

ಸಂಸ್ಥಾನದ ಸಿಂಹಾಸನ ಮೈಸೂರಿನಲ್ಲಿತ್ತು, ಸರ್ಕಾರದ ಕಚೇರಿ ಬೆಂಗಳೂರಿನಲ್ಲಿ. 1831ರಿಂದ ಐವತ್ತು ವರ್ಷ ನಡೆದ ಬ್ರಿಟಿಷ್ ಕಮಿಷನರ್ ಆಳ್ವಿಕೆ ಬೆಂಗಳೂರನ್ನು ಆಡಳಿತದ ಕೇಂದ್ರವನ್ನಾಗಿ ಮಾಡಿತ್ತು. ಸರ್ಕಾರದ ಇಲಾಖೆಗಳಿದ್ದ ಅಠಾರಾ ಕಚೇರಿ ಎದ್ದದ್ದೂ ಆಗಲೇ. ರಾಜ್ಯ ಹಿಂದಿರುಗಿದರೂ ಕಚೇರಿ ಅಲ್ಲೇ ಉಳಿಯಿತು. ಹೀಗಾಗಿ ದಿವಾನರು ಬೆಂಗಳೂರಿನಲ್ಲಿ ತೀರ್ಮಾನಿಸಿದ್ದನ್ನು ದೊರೆ ಮೈಸೂರಿನಲ್ಲಿ ಓದಬೇಕಾಗಿತ್ತು. ಯಾವ ಕಡತ ಮೊದಲು, ಯಾವುದಕ್ಕೆ ಟಿಪ್ಪಣಿ ಬೇಕು, ಯಾರಿಗೆ ಭೇಟಿಯ ಅಪ್ಪಣೆ ಎಂಬುದೆಲ್ಲ ದೊರೆಯ ಬಳಿಯಲ್ಲಿರುವವನ ಕೈಗೆ ಬಂದದ್ದು ಈ ದೂರದಿಂದ.

ಈ ಹುದ್ದೆಗೆ ಬೆಲೆ ಬರಲು ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಬ್ರಿಟನ್ನಿನಲ್ಲಿಯೂ ಅರಸರಿಗೆ ಆಪ್ತ ಕಾರ್ಯದರ್ಶಿ ಇದ್ದಾರೆ. ಕಣ್ಣು ಮಂಜಾದ ಮೂರನೆಯ ಜಾರ್ಜ್ 1805ರಲ್ಲಿ ಹರ್ಬರ್ಟ್ ಟೇಲರ್ ಎಂಬವರನ್ನು ನೇಮಿಸಿಕೊಂಡಾಗ ಅಲ್ಲಿ ಅದು ಆರಂಭವಾಯಿತು. ಆದರೆ ಅಲ್ಲಿನ ಪ್ರಧಾನಿಯ ಹಿಂದೆ ಪಾರ್ಲಿಮೆಂಟ್ ಇದೆ. ಅರಮನೆಯ ಕಾರ್ಯದರ್ಶಿ ಸಲಹೆ ಹೇಳಬಹುದು, ಎಚ್ಚರಿಸಬಹುದು, ಅಷ್ಟೆ. ಜಪಾನಿನಲ್ಲಂತೂ ಚಕ್ರವರ್ತಿಯ ಮನೆತನದ ಇಲಾಖೆಯೇ ಸರ್ಕಾರದ ಅಧೀನ. ಮೈಸೂರಿನ ದಿವಾನರಿಗೆ ಪ್ರಜಾಪ್ರತಿನಿಧಿ ಸಭೆಯ ಬಹುಮತ ಬೇಕಿರಲಿಲ್ಲ. ದೊರೆಯ ವಿಶ್ವಾಸ ಇದ್ದರೆ ಹುದ್ದೆ, ಇಲ್ಲದಿದ್ದರೆ ರಾಜೀನಾಮೆ. ದಿವಾನರೂ ಆಪ್ತ ಕಾರ್ಯದರ್ಶಿಯೂ ನೆಚ್ಚಿಕೊಂಡದ್ದು ಒಬ್ಬರ ವಿಶ್ವಾಸವನ್ನೇ. ಅವರಲ್ಲಿ ಕಾರ್ಯದರ್ಶಿ ದೊರೆಗೆ ಹತ್ತಿರದಲ್ಲಿದ್ದವರು. ಸಂವಿಧಾನಬದ್ಧ ರಾಜರ ಸಾಲಿನಲ್ಲಿ ಮೈಸೂರನ್ನು ಕೂರಿಸಿ ಹೊಗಳುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಹುದ್ದೆಯಲ್ಲಿದ್ದವರು

ಅರಮನೆಯ ಕೆಲಸ ದಿವಾನಗಿರಿಗೆ ಮೆಟ್ಟಿಲಾದದ್ದು ಆರಂಭದಿಂದಲೇ ಕಾಣುತ್ತದೆ. 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಅರಮನೆಯ ಲೆಕ್ಕ, ಸಾಲ, ಸೊತ್ತುಗಳನ್ನು ನೇರ್ಪಡಿಸಲು ಮದ್ರಾಸ್ ಕಡೆಯಿಂದ ಬಂದವರು ಸಿ. ರಂಗಾಚಾರ್ಲು. 1881ರಲ್ಲಿ ಅವರೇ ಮರುಹಸ್ತಾಂತರದ ನಂತರದ ಮೊದಲ ದಿವಾನರಾದರು.

ನಾಲ್ವಡಿ ಕೃಷ್ಣರಾಜ ಒಡೆಯರು 1902ರ ಆಗಸ್ಟ್ 8ರಂದು ಪೂರ್ಣಾಧಿಕಾರ ಪಡೆದಾಗ ಅವರ ಆಪ್ತ ಕಾರ್ಯದರ್ಶಿಯಾಗಿ ಬಂದವರು ಐ.ಸಿ.ಎಸ್. ಅಧಿಕಾರಿ ಎವನ್ ಮಕೊನಕಿ. ಹದಿನೆಂಟರ ದೊರೆಯ ಪಕ್ಕದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಕೂತದ್ದರಲ್ಲಿ ಸಹಾಯವೂ ಇತ್ತು, ಕಾವಲೂ ಇತ್ತು ಎಂದೇ ತಿಳಿಯಬೇಕು. ಹುದ್ದೆಯ ನಿಜವಾದ ಸಾಧ್ಯತೆ ತೋರಿಸಿದವರು ಮಿರ್ಜಾ ಇಸ್ಮಾಯಿಲ್. ದೊರೆಯ ಸಹಪಾಠಿ, 1905ರಲ್ಲಿ ಪೊಲೀಸ್ ಇಲಾಖೆಗೆ ಸೇರಿ, 1908ರಲ್ಲಿ ಮಹಾರಾಜರ ಸಹಾಯಕ ಕಾರ್ಯದರ್ಶಿ, 1914ರಲ್ಲಿ ಹುಜೂರ್ ಸೆಕ್ರೆಟರಿ, ಆಮೇಲೆ ಆಪ್ತ ಕಾರ್ಯದರ್ಶಿ, 1926ರಲ್ಲಿ ದಿವಾನ. ವಿಶ್ವೇಶ್ವರಯ್ಯ, ಕಾಂತರಾಜ ಅರಸು, ಆಲ್ಬಿಯನ್ ಬ್ಯಾನರ್ಜಿ ಎಂಬ ಮೂವರು ದಿವಾನರ ಕಾಲದಲ್ಲಿ ಅರಮನೆಯ ಕಡೆಯಿಂದ ಕಡತ ಕಂಡ ಮನುಷ್ಯನಿಗೆ ದೊರೆಯ ಮನಸ್ಸು ಯಾವುದಕ್ಕೆ ಒಲಿಯುತ್ತದೆ, ಯಾವುದಕ್ಕೆ ಮುದುಡುತ್ತದೆ ಎಂಬುದು ತಿಳಿಯದೆ ಇದ್ದೀತೆ? ಹದಿನೈದು ವರ್ಷದ ಅವರ ದಿವಾನಗಿರಿಗೆ ಇದು ಬುನಾದಿ. ಅವರು ದಿವಾನರಾಗಿದ್ದಾಗ ಆಪ್ತ ಕಾರ್ಯದರ್ಶಿಯಾಗಿ ಬಂದವರು ಮದ್ರಾಸ್ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸರ್ ಚಾರ್ಲ್ಸ್ ಟಾಡ್‌ಹಂಟರ್.

ದಾವಣಗೆರೆ ಮತ್ತು ಹರಿಹರದಿಂದ ಕಂಡಂತೆ

ರಾಜಧಾನಿಯಿಂದ ಇಷ್ಟು ದೂರದ ಊರುಗಳಿಗೆ ಆಸ್ಥಾನದ ಅಧಿಕಾರಿ ಎಂದರೇನು? ಹರಿಹರಕ್ಕೆ ಈ ಅನುಭವ ಹಳೆಯದು. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದ್ದು ಅರಸನಲ್ಲ, ಹೊಯ್ಸಳ ಇಮ್ಮಡಿ ನರಸಿಂಹನ ಅಧಿಕಾರಿ ಪೋಲಾಳ್ವ ದಂಡನಾಯಕ. ದಾವಣಗೆರೆ ಪೇಟೆಯಾಗಿ ಬೆಳೆದದ್ದೂ ದರ್ಬಾರಿನ ಒಂದು ಕೊಡುಗೆಯಿಂದ: ಹೈದರ್ ಅಲಿ ಈ ಸಣ್ಣ ಊರನ್ನು ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ, ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದ.

ಒಡೆಯರ ಆಧುನಿಕ ಆಡಳಿತದಲ್ಲಿ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಹರಿಹರವು ಸಂಸ್ಥಾನದ ಉತ್ತರದ ಗಡಿ. 1868ರಲ್ಲಿ ಮುಗಿದ ಸೇತುವೆ ದಾಟಿದರೆ ಮುಂಬಯಿ ಪ್ರಾಂತ್ಯ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಬೆಂಗಳೂರಿನ ರೈಲು ಹರಿಹರ ಮುಟ್ಟಿತು. ಹತ್ತಿ, ದವಸ ಧಾನ್ಯದ ವರ್ತಕರಿಗೆ ಇದರಿಂದ ಎರಡೂ ಕಡೆಯ ಮಾರುಕಟ್ಟೆ ಹತ್ತಿರವಾಯಿತು. ಸರ್ಕಾರದೊಂದಿಗೆ ವ್ಯವಹಾರವೂ ಹೆಚ್ಚಿತು.

ಇಲ್ಲಿನವರ ಅಹವಾಲು ಮೇಲೆ ಹೋಗಲು ರೂಢಿಯ ದಾರಿ ಅಮಲ್ದಾರರಿಂದ ಚಿತ್ರದುರ್ಗದ ಡೆಪ್ಯುಟಿ ಕಮಿಷನರರಿಗೆ, ಅಲ್ಲಿಂದ ಬೆಂಗಳೂರಿಗೆ. 1881ರ ಅಕ್ಟೋಬರ್ 7ರಂದು 144 ಸದಸ್ಯರೊಂದಿಗೆ ಮೊದಲು ಸೇರಿದ ಪ್ರಜಾಪ್ರತಿನಿಧಿ ಸಭೆ ಎರಡನೆಯ ದಾರಿ ತೆರೆಯಿತು. ದಸರಾ ಹೊತ್ತಿಗೆ ತಾಲ್ಲೂಕುಗಳ ರೈತರೂ ವರ್ತಕರೂ ಮೈಸೂರಿಗೆ ಹೋಗಿ ದಿವಾನರ ಎದುರು ಕೆರೆ, ರಸ್ತೆ, ಕಂದಾಯದ ಮಾತೆತ್ತಬಹುದಾಗಿತ್ತು. ಸಭೆಗೆ ಕೇಳುವ ಹಕ್ಕಿತ್ತೇ ಹೊರತು ಹಿಡಿದು ನಿಲ್ಲಿಸುವ ಬಲ ಇರಲಿಲ್ಲ.

ಮೂರನೆಯ ದಾರಿ ನೇರವಾಗಿ ಮಹಾಸ್ವಾಮಿಯವರ ಸನ್ನಿಧಾನಕ್ಕೆ ಬಿನ್ನಹ. ದಿವಾನರ ಮೇಲೆಯೇ ದೂರಿದ್ದರೆ ಉಳಿಯುತ್ತಿದ್ದುದು ಇದೊಂದೇ. ಇದರ ಬಲ 1918ರಲ್ಲಿ ಕಂಡಿತು. ಹಿಂದಿನ ವರ್ಷ ಹುಟ್ಟಿದ್ದ ಪ್ರಜಾಮಿತ್ರ ಮಂಡಳಿಯವರು ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂದು ದೊರೆಯನ್ನೇ ಕಂಡು ಮನವಿ ಸಲ್ಲಿಸಿದರು. ಅದನ್ನು ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಇದನ್ನು ಒಪ್ಪದ ವಿಶ್ವೇಶ್ವರಯ್ಯನವರು ಆ ವರ್ಷವೇ ದಿವಾನಗಿರಿ ಬಿಟ್ಟರು. ಲಿಂಗಾಯತರೂ ಇತರ ಬ್ರಾಹ್ಮಣೇತರರೂ ಹೆಚ್ಚಾಗಿದ್ದ ದಾವಣಗೆರೆ ಕಡೆಗೆ ಇದು ಮೈಸೂರಿನ ದೂರದ ಜಗಳವಾಗಿರಲಿಲ್ಲ, ತಮ್ಮ ಮಕ್ಕಳ ನೌಕರಿಯ ಪ್ರಶ್ನೆಯಾಗಿತ್ತು. ಬೆಂಗಳೂರಿನ ಕಚೇರಿಯನ್ನು ಬಳಸಿ ಹೋಗುವ ಇಂಥ ಬಾಗಿಲೊಂದು ಅರಮನೆಯಲ್ಲಿ ತೆರೆದಿದ್ದರಿಂದಲೇ ದಿವಾನರ ಅಧಿಕಾರಕ್ಕೆ ಒಂದು ಮಿತಿ ಇತ್ತು. ಬಾಗಿಲು ತೆರೆಯುವುದೂ ಮುಚ್ಚುವುದೂ ಒಬ್ಬರ ಕೃಪೆಗೆ ಬಿಟ್ಟದ್ದು ಅದರ ದೋಷ.



ನಂತರ

1947ರ ಅಕ್ಟೋಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು 1949ರವರೆಗೆ ದಿವಾನರಾಗಿ ಮುಂದುವರಿದರೂ ಅಹವಾಲು ಹೊತ್ತವರು ಮಂತ್ರಿಗಳ ಮನೆಯ ಕಡೆ ತಿರುಗಿದ್ದರು. ಆಗಿನ ದೊರೆ ಜಯಚಾಮರಾಜ ಒಡೆಯರು 1950ರಿಂದ ರಾಜಪ್ರಮುಖರು, 1956ರ ನವೆಂಬರ್ 1ರಿಂದ ರಾಜ್ಯಪಾಲರು. ಅಂದೇ ತುಂಗಭದ್ರೆಯ ಆಚೆಯ ರಾಣೆಬೆನ್ನೂರೂ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಹರಿಹರದ ಸೇತುವೆ ಗಡಿಯಾಗಿ ಉಳಿಯಲಿಲ್ಲ. ವರ್ಷಕ್ಕೆ 26 ಲಕ್ಷ ರೂಪಾಯಿಯ ರಾಜಧನ 1971ರಲ್ಲಿ ರದ್ದಾಯಿತು. ಮೈಸೂರು ಅರಮನೆಯಲ್ಲಿ ನವರಾತ್ರಿಯ ಖಾಸಗಿ ದರ್ಬಾರು ಇಂದಿಗೂ ನಡೆಯುತ್ತದೆ. ಆದರೆ ಅದಕ್ಕೂ ರಾಜ್ಯದ ಆಡಳಿತಕ್ಕೂ ಸಂಬಂಧವಿಲ್ಲ.