ಒಂಟಿಯಾಗಿ ಓದಿದವರು, ಕೂಡಿ ಓದಿದವರು

ಇಂಜಿನಿಯರಿಂಗ್ ಸೇರಿದ ನಮ್ಮ ಸಮುದಾಯದ ಹುಡುಗನೊಬ್ಬ ಮೊದಲ ಸೆಮಿಸ್ಟರಿನ ಗಣಿತದಲ್ಲಿ ಫೇಲಾದರೆ, "ಅಡಿಪಾಯ ಗಟ್ಟಿಯಿಲ್ಲ, ಮನೆಯಲ್ಲಿ ಓದುವ ವಾತಾವರಣವಿಲ್ಲ" ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಅಮೆರಿಕದಲ್ಲೂ ಒಮ್ಮೆ ಇದೇ ಮಾತು ಕೇಳಿಬಂದಿತ್ತು. ಅದು ಹುಸಿಯಾದ ಕತೆಯನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಕ್ಯಾಲ್ಕುಲಸ್ ತರಗತಿಗೆ ಸೇರಿದ ಆಫ್ರಿಕನ್-ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಸೋಲುತ್ತಿದ್ದರು. ಆಸಕ್ತಿಯ ಕೊರತೆ, ಬಡತನ, ದುರ್ಬಲ ಶಾಲಾ ಶಿಕ್ಷಣ, ಮನೆಯವರ ಬೆಂಬಲವಿಲ್ಲದಿರುವುದು ಇದಕ್ಕೆ ಕಾರಣವೆಂದು ಅಧ್ಯಾಪಕರು ನಂಬಿದ್ದರು. ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಯೂರಿ ಟ್ರೈಸ್‌ಮನ್ ಈ ನಂಬಿಕೆಯನ್ನು ಪರೀಕ್ಷಿಸಲು ಹೊರಟರು. 20 ಆಫ್ರಿಕನ್-ಅಮೆರಿಕನ್ ಹಾಗೂ 20 ಚೀನೀ ಮೂಲದ ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂಬುದನ್ನು ಅವರ ಜೊತೆಗಿದ್ದೇ ಗಮನಿಸಿದರು.

ಕಂಡದ್ದೇ ಬೇರೆ. ಆಫ್ರಿಕನ್-ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಶಾಲೆಯ ಅಗ್ರಗಣ್ಯರು. ಮಕ್ಕಳನ್ನು ಓದಿಸಲು ಹೆತ್ತವರು ತ್ಯಾಗ ಮಾಡಿದ್ದರು. ಶ್ರಮಕ್ಕೂ ಕೊರತೆಯಿರಲಿಲ್ಲ. ಆದರೆ ಅವರು ಬಹುಪಾಲು ಒಂಟಿಯಾಗಿ ಓದುತ್ತಿದ್ದರು. ಲೆಕ್ಕ ಬಿಡಿಸಲಾಗದಾಗ, ಕಷ್ಟ ತನಗೊಬ್ಬನಿಗೇ ಎಂದುಕೊಳ್ಳುತ್ತಿದ್ದರು. ಚೀನೀ ಮೂಲದವರು ಮೊದಲು ಒಬ್ಬರೇ ಓದಿ, ಬಳಿಕ ಕೂಡಿ ಕುಳಿತು ಪರಸ್ಪರರ ಉತ್ತರ ತಿದ್ದುತ್ತಿದ್ದರು. ಎಲ್ಲರಿಗೂ ಬಾರದ ಲೆಕ್ಕವಾದರೆ, ಲೆಕ್ಕವೇ ಕಠಿಣವೆಂದು ಅವರಿಗೆ ತಿಳಿಯುತ್ತಿತ್ತು.

1978ರಲ್ಲಿ ಗಣಿತ ಕಾರ್ಯಾಗಾರ ಆರಂಭವಾಯಿತು. ಅದು ದಡ್ಡರಿಗೆಂದು ನಡೆಸುವ ಟ್ಯೂಶನ್ ಆಗಿರಲಿಲ್ಲ. ಸುಲಭದ ಲೆಕ್ಕಗಳ ಬದಲು ಕಠಿಣವಾದವನ್ನೇ ಕೊಟ್ಟು, ಗುಂಪಿನಲ್ಲಿ ಚರ್ಚಿಸಿ ಬಿಡಿಸಲು ಬಿಡಲಾಯಿತು. ಅದರಲ್ಲಿ ಭಾಗವಹಿಸಿದ ಆಫ್ರಿಕನ್-ಅಮೆರಿಕನ್ ವಿದ್ಯಾರ್ಥಿಗಳು, ಭಾಗವಹಿಸದವರಿಗಿಂತ ಉತ್ತಮ ಶ್ರೇಣಿ ಪಡೆದರು. ಮುಂದೆ ಬೇರೆ ಕಾಲೇಜುಗಳೂ ಈ ಮಾದರಿಯನ್ನು ಅನುಸರಿಸಿದವು. ಟ್ರೈಸ್‌ಮನ್‌ರಿಗೆ 1992ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು.

ಇದು ನಮಗೆ ಅಪರಿಚಿತ ಪದ್ಧತಿಯೇನಲ್ಲ. ಮಸೀದಿಯ ಕಂಬದ ಬಳಿ ಉಸ್ತಾದರ ಸುತ್ತ ವೃತ್ತಾಕಾರವಾಗಿ ಕುಳಿತು, ಪ್ರಶ್ನಿಸಿ ಕಲಿಯುತ್ತಿದ್ದ ಹಲ್ಕಾದ ಪರಂಪರೆ ನಮ್ಮದು. ಹಾಸ್ಟೆಲಿನ ಒಂದು ಕೋಣೆ, ಒಂದು ಕರಿಹಲಗೆ, ಮಾರ್ಗದರ್ಶನಕ್ಕೊಬ್ಬ ಹಿರಿಯ ವಿದ್ಯಾರ್ಥಿ ಇದ್ದರೆ ಸಾಕು. ವಿದ್ಯಾರ್ಥಿವೇತನದ ಚೆಕ್ ಕೊಟ್ಟಲ್ಲಿಗೆ ನಮ್ಮ ಹೊಣೆ ಮುಗಿಯದು. ಕಾಲೇಜು ಸೇರಿದ ನಮ್ಮ ಮಗ, ನಮ್ಮ ಮಗಳು ಅಲ್ಲಿ ಯಾರ ಜೊತೆ ಕುಳಿತು ಓದುತ್ತಿದ್ದಾರೆ ಎಂದೂ ವಿಚಾರಿಸೋಣ.