ಬರೆಯದ ಮಾತಿನ ಪಾಠಶಾಲೆ

ನಾವು ಮೊದಲ ಸಲ ಯಕ್ಷಗಾನ ನೋಡಲು ಹೋದದ್ದು ಮನೆಯಲ್ಲಿ ಹೇಳದೆ. ಬಂಟ್ವಾಳದ ಕಡೆ, ಕೊಯ್ಲು ಮುಗಿದ ಗದ್ದೆಯಲ್ಲಿ ದೇವೀಮಾಹಾತ್ಮ್ಯೆಯ ಆಟ. ನೆಲಕಡಲೆ ಮಾರುವವನ ಗ್ಯಾಸ್‌ಲೈಟಿನ ಹತ್ತಿರ, ಎಲ್ಲರಿಗಿಂತ ಹಿಂದೆ ಕೂತಿದ್ದೆವು. ನಡುರಾತ್ರಿ ಕಳೆದ ಮೇಲೆ ಚೆಂಡೆಯ ಸದ್ದು ಏರತೊಡಗಿತು. ಎಲ್ಲರೂ ರಂಗಸ್ಥಳದ ಕಡೆ ನೋಡುತ್ತಿದ್ದಾಗ ಆರ್ಭಟ ಕೇಳಿಸಿದ್ದು ನಮ್ಮ ಬೆನ್ನ ಹಿಂದಿನಿಂದ! ದೊಂದಿಗಳ ಬೆಳಕಿನಲ್ಲಿ, ರಾಳದ ಬೆಂಕಿಯ ನಡುವೆ, ಕೋಡು ಹೊತ್ತ ಮಹಿಷಾಸುರ ಜನರ ಮಧ್ಯದಿಂದಲೇ ನಡೆದುಬಂದ. ಒಂದು ಮಾತೂ ಇಲ್ಲದೆ ಅವನು ಆ ಗದ್ದೆಯನ್ನೇ ರಂಗಸ್ಥಳ ಮಾಡಿಬಿಟ್ಟಿದ್ದ.

ಎಷ್ಟೋ ವರ್ಷಗಳ ನಂತರ ಪ್ರಸಂಗದ ಪುಸ್ತಕ ಕೈಗೆ ಸಿಕ್ಕಿದಾಗ ಆ ದೃಶ್ಯವನ್ನು ಹುಡುಕಿದೆವು. ಅಲ್ಲಿದ್ದದ್ದು ಪದ್ಯಗಳು ಮಾತ್ರ. ದೊಂದಿ ಇರಲಿಲ್ಲ, ಆರ್ಭಟ ಇರಲಿಲ್ಲ, ಪಾತ್ರಗಳು ಆಡಿದ ಮಾತುಗಳೂ ಇರಲಿಲ್ಲ. ಹಾಗಾದರೆ ಆ ರಾತ್ರಿ ನಾವು ಕಂಡ ನಾಟಕವನ್ನು ಕಟ್ಟಿದವರು ಯಾರು?

ಉತ್ತರ ಸುಲಭದ್ದಲ್ಲ. ಪ್ರಸಂಗಕರ್ತ ಬರೆಯುವುದು ಹಾಡನ್ನು. ಹಾಡಿನ ಅರ್ಥವನ್ನು ವೇಷಧಾರಿ ರಂಗದ ಮೇಲೆ ಆಶುವಾಗಿ ಆಡುತ್ತಾನೆ. ಯಾವ ಪದ್ಯ ಬಿಡಬೇಕು, ಯಾವುದನ್ನು ಎಳೆಯಬೇಕು, ಕುಣಿತ ಎಲ್ಲಿ ನಿಲ್ಲಬೇಕು ಎನ್ನುವುದು ಭಾಗವತರ ಜಾಗಟೆಯಲ್ಲಿದೆ. ಚೆಂಡೆ, ಮದ್ದಳೆಯವರು ವೇಷಧಾರಿಯ ಕಾಲನ್ನು ನೋಡಿ ನುಡಿಸುತ್ತಾರೆ. ವೇಷಧಾರಿ ಅವರ ಕೈಯನ್ನು ಕೇಳಿ ಕುಣಿಯುತ್ತಾನೆ. ಮಾತು ಮುಗಿಸುವಾಗ ಆತ ಮುಂದಿನ ಪದ್ಯಕ್ಕೆ ಎತ್ತುಗಡೆ ಕೊಡಬೇಕು. ಹೀಗೆ ಪ್ರತಿಯೊಬ್ಬನೂ ಇನ್ನೊಬ್ಬನ ಮೇಲೆ ಕಿವಿಯಿಟ್ಟು ಕಟ್ಟುವ ಈ ಒಪ್ಪಂದಕ್ಕೆ ಮೇಳದವರು ಇಟ್ಟಿರುವ ಹೆಸರು ‘ನಡೆ’. ನಡೆ ಪುಸ್ತಕದಲ್ಲಿಲ್ಲ, ಚೌಕಿಯಲ್ಲಿದೆ.

ಇದನ್ನು ಕಲಿಯುವುದು ಹೇಗೆ? ಹಳೆಯ ಕ್ರಮದಲ್ಲಿ ಹುಡುಗ ಮೊದಲು ಕೋಡಂಗಿಯಾಗುತ್ತಿದ್ದ, ಆಮೇಲೆ ಬಾಲಗೋಪಾಲ, ಮುಂದೆ ಸ್ತ್ರೀವೇಷ, ಪುಂಡುವೇಷ. ಜನ ಇನ್ನೂ ಬಂದು ಕೂರುತ್ತಿರುವ ಪೂರ್ವರಂಗವೇ ಅವನ ತರಗತಿ; ತಪ್ಪಿದರೆ ಅಲ್ಲಿ ಕ್ಷಮೆ ಇತ್ತು. ತನ್ನ ಸರದಿ ಮುಗಿದ ಮೇಲೆ ನಿದ್ದೆಗೆಟ್ಟು ಹಿರಿಯರ ವೇಷ ನೋಡುವುದೇ ಮುಂದಿನ ಪಾಠ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ 1970ರ ದಶಕದಲ್ಲಿ ಲಲಿತಕಲಾ ಕೇಂದ್ರ ಆರಂಭವಾದ ಮೇಲೆ ಪಡ್ರೆ ಚಂದು ಅವರಂಥ ಗುರುಗಳು ನಾಟ್ಯವನ್ನು ಕ್ರಮಬದ್ಧವಾಗಿ ಹೇಳಿಕೊಟ್ಟರು. ಆದರೆ ಹೆಜ್ಜೆ ಕಲಿತವನು ನಡೆ ಕಲಿಯಬೇಕಾದರೆ ಮೇಳಕ್ಕೇ ಹೋಗಬೇಕಿತ್ತು. ಬಂಟ್ವಾಳ ತಾಲೂಕಿನ ಸೂರಿಕುಮೇರು ಗೋವಿಂದ ಭಟ್ಟರು ಧರ್ಮಸ್ಥಳ ಮೇಳದಲ್ಲಿ ದಶಕಗಳ ಕಾಲ ತಿರುಗಿ ಎಲ್ಲ ಬಗೆಯ ವೇಷಗಳನ್ನೂ ನಿಭಾಯಿಸಬಲ್ಲವರಾದದ್ದು ಇದೇ ದಾರಿಯಲ್ಲಿ.

ಭಾಗವತನನ್ನು ‘ಒಂದನೇ ವೇಷ’ ಎನ್ನುತ್ತಾರೆ. ಬಣ್ಣ ಹಚ್ಚದ, ಕುಳಿತಲ್ಲಿಂದ ಏಳದ ವೇಷ. ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ಪುಸ್ತಕ ನೋಡದೆ ಹಾಡುವಷ್ಟು ಪ್ರಸಂಗಗಳು ಅವರ ನಾಲಿಗೆಯ ಮೇಲಿದ್ದವು. ಐದು ದಿನದ ದೇವೀಮಾಹಾತ್ಮ್ಯೆಯನ್ನು ರಚಿಸಿದವರೂ ಅವರೇ. ಅಂಥ ಭಾಗವತರು ನಿರ್ದೇಶಕರಾಗಿದ್ದರೂ ‘ಹೀಗೆಯೇ ಹೇಳು’ ಎಂದು ಯಾರಿಗೂ ಮಾತು ಬರೆದುಕೊಟ್ಟವರಲ್ಲ. ಪದ್ಯ ಎತ್ತುವ ಹೊತ್ತೇ ಅವರ ಆಜ್ಞೆ.

ಇನ್ನೊಂದು ದಾರಿಯನ್ನೂ ಈ ಜಿಲ್ಲೆ ಕಂಡಿದೆ. ಪುತ್ತೂರಿನ ಬಾಲವನದಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನೇ ತೆಗೆದು, ಹಾಡು ಮತ್ತು ಕುಣಿತದ ಮೇಲೆ ನಿಲ್ಲುವ ಪ್ರಯೋಗ ಮಾಡಿದರು. ಅವರ ‘ಯಕ್ಷರಂಗ’ ಬಡಗುತಿಟ್ಟಿನ ಕಲಾವಿದರನ್ನು ಕಟ್ಟಿಕೊಂಡು ದೇಶವಿದೇಶ ಸುತ್ತಿತು. ಅಲ್ಲಿ ಸೌಂದರ್ಯವಿತ್ತು, ಶಿಸ್ತೂ ಇತ್ತು. ಆದರೆ ಅದು ಹೆಚ್ಚಾಗಿ ಒಬ್ಬರ ಕಣ್ಣಿನ ಸೌಂದರ್ಯ. ಲಂಡನ್ನಿನಲ್ಲಿ ಜೋನ್ ಲಿಟಲ್‌ವುಡ್ 1963ರಲ್ಲಿ ಯುದ್ಧದ ಮೇಲಿನ ನಾಟಕವೊಂದನ್ನು ನಟರ ಜೊತೆ ಕೂತು ಕಟ್ಟಿದಾಗ ಪಶ್ಚಿಮದ ರಂಗಭೂಮಿ ಬೆರಗಾಯಿತು. ನಮ್ಮ ಮೇಳದವರು ಅಷ್ಟರಲ್ಲಿ ದೀಪಾವಳಿಯಿಂದ ಪತ್ತನಾಜೆಯವರೆಗೆ ದಿನಕ್ಕೊಂದು ಊರಿನಲ್ಲಿ ಅಂಥದೇ ಕೆಲಸ ಮಾಡಿ, ಬೆಳಗ್ಗೆ ಬಣ್ಣ ತೊಳೆದು ಮಲಗುತ್ತಿದ್ದರು.

ಈಗ ನಮಗೆ ಸಂಬಂಧಿಸಿದ ಮಾತಿಗೆ ಬರೋಣ. ಟೆಂಟಿನ ಮೇಳಗಳ ಕಾಲದಲ್ಲಿ ತುಳು ಪ್ರಸಂಗಗಳು ಜನಪ್ರಿಯವಾದವು. ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯೂ ಜನರ ಮೆಚ್ಚುಗೆ ಪಡೆಯಿತು. ಶಾಂಭವಿ ಹೊಳೆಯಲ್ಲಿ ಹಡಗು ಸಿಕ್ಕಿಕೊಂಡ ಬಪ್ಪ ಬ್ಯಾರಿ ಮೂಲ್ಕಿಯ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ ಐತಿಹ್ಯ ಅದರ ವಸ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ಬಪ್ಪ ಬ್ಯಾರಿಯನ್ನು ನೋಡಿದವರು ಇಂದಿಗೂ ಅದನ್ನು ನೆನೆಯುತ್ತಾರೆ. ಪುರಾಣದ ರಾವಣನಿಗೆ, ಕೌರವನಿಗೆ ಮಾತು ಕಟ್ಟಲು ಗ್ರಂಥಗಳ ಆಸರೆ ಇತ್ತು. ಬಪ್ಪನಿಗೆ ಏನಿತ್ತು? ಬ್ಯಾರಿಯ ನಡಿಗೆ, ವ್ಯಾಪಾರದ ಮಾತು, ದೇವಭಯ, ಇವನ್ನೆಲ್ಲ ಪೇಟೆಯಲ್ಲಿ, ದಕ್ಕೆಯಲ್ಲಿ, ನೆರೆಮನೆಯ ಅಂಗಳದಲ್ಲಿ ಕೇಳಿಯೇ ಕಲಿಯಬೇಕಿತ್ತು. ಮಿಜಾರು ಅಣ್ಣಪ್ಪನವರಂಥ ಹಾಸ್ಯಗಾರರಿಗೂ ಊರಿನ ಆಡುಮಾತೇ ಬಂಡವಾಳ.

ಬರೆಯದ ಮಾತಿಗೆ ಅಪಾಯವೂ ಉಂಟು. ನಾಲಿಗೆ ಸ್ವಲ್ಪ ಜಾರಿದರೆ ಹಾಸ್ಯ ಹೋಗಿ ಹೀಯಾಳಿಕೆ ಆಗುತ್ತದೆ. ನಮ್ಮ ಯೌವನದಲ್ಲಿ ಒಂದು ಆಟದಲ್ಲಿ ಹಾಸ್ಯದ ಬ್ಯಾರಿ ಪಾತ್ರ ನಮಾಜನ್ನು ಅಣಕಿಸಿದಂತೆ ಮಾಡಿತು. ಜನ ನಕ್ಕರು. ನಾವು ತಲೆ ತಗ್ಗಿಸಿದೆವು. ಪಕ್ಕದಲ್ಲಿ ಕೂತಿದ್ದ ಮೀನು ವ್ಯಾಪಾರದ ಕಾಕ ಎದ್ದು ಚೌಕಿಗೆ ಹೋದರು. ‘ನಮ್ಮ ಮಾತನ್ನು ಎಷ್ಟು ಬೇಕಾದರೂ ಆಡಿ ನಗಿಸಿ, ಅದನ್ನೊಂದು ಬಿಡಿ ಮಾರಾಯ್ರೆ’ ಎಂದರಂತೆ. ಕಲಾವಿದ ಕೈ ಮುಗಿದನಂತೆ. ಆ ವರ್ಷ ಅದೇ ಆಟವನ್ನು ಇನ್ನೊಂದು ಊರಿನಲ್ಲಿ ನೋಡಿದಾಗ ಆ ಭಾಗ ಇರಲಿಲ್ಲ; ಅದರ ಬದಲು ಮೀನಿನ ಚೌಕಾಶಿಯ ಒಂದು ತಮಾಷೆ ಸೇರಿತ್ತು. ನಮ್ಮ ಮಟ್ಟಿಗೆ ಆ ಕಾಕನೂ ಆಟದ ನಿರ್ದೇಶಕರಲ್ಲೊಬ್ಬರು. ಪಠ್ಯ ಅಚ್ಚಾಗಿದ್ದರೆ ಅವರು ಯಾರ ಹತ್ತಿರ ಹೋಗಬೇಕಿತ್ತು? ಹಾಗೆಯೇ, ಅವರು ಅಲ್ಲಿ ಕೂತಿಲ್ಲದಿದ್ದರೆ ತಿದ್ದುತ್ತಿದ್ದವರು ಯಾರು?

ಉರ್ದು ಓದಿದ ನಮಗೆ ಇಲ್ಲಿ ದಾಸ್ತಾನ್‌ಗೋಯಿ ನೆನಪಾಗುತ್ತದೆ. ಅಮೀರ್ ಹಂಝಾರ ದಾಸ್ತಾನನ್ನು ಲಖನೌದ ನವಲ್ ಕಿಶೋರ್ ಮುದ್ರಣಾಲಯ 46 ಸಂಪುಟಗಳಲ್ಲಿ ಅಚ್ಚುಹಾಕಿತು. ಕಥೆಯೆಲ್ಲ ಉಳಿಯಿತು. ಆದರೆ ದಿಲ್ಲಿಯ ಮೀರ್ ಬಾಖರ್ ಅಲಿ 1928ರಲ್ಲಿ ತೀರಿಕೊಂಡಾಗ ಅದನ್ನು ಹೇಳುವ ಪರಂಪರೆಯೇ ಮುಗಿಯಿತು. ಈ ಶತಮಾನದಲ್ಲಿ ಕೆಲವರು ಅದನ್ನು ಮತ್ತೆ ಹುಟ್ಟುಹಾಕಲು ಪುಸ್ತಕಗಳಿಂದಲೇ ಶುರುಮಾಡಬೇಕಾಯಿತು. ಎದುರು ಕೂತು ‘ವಾಹ್’ ಎನ್ನುತ್ತಿದ್ದ, ತಪ್ಪಿದರೆ ಗೊಣಗುತ್ತಿದ್ದ ಸಭಿಕರನ್ನು ಯಾವ ಪುಸ್ತಕ ಹಿಂದಕ್ಕೆ ತಂದೀತು?

2022ರ ಮಾರ್ಚ್‌ನಲ್ಲಿ ಬಪ್ಪನಾಡು ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳು ಅಂಗಡಿ ಹಾಕಬಾರದೆಂದು ಫಲಕಗಳು ಎದ್ದವು. ಬಪ್ಪನ ಮನೆತನಕ್ಕೆ ಪ್ರಸಾದ ಸಲ್ಲಿಸುವ ಸಂಪ್ರದಾಯವಿರುವ ಊರಿನಲ್ಲಿ! ಆ ಸುದ್ದಿ ಓದಿದಾಗ ನಮಗೆ ಮೊದಲು ನೆನಪಾದದ್ದು ನೆಲಕಡಲೆಯ ಗ್ಯಾಸ್‌ಲೈಟು, ಆಮೇಲೆ ಮೀನಿನ ಕಾಕ. ಅಂಗಡಿ ಹೋದರೆ ಅಂಗಡಿಯವನೂ ಹೋಗುತ್ತಾನೆ, ಅವನ ಜೊತೆಗೆ ಅವನ ಕಿವಿಯೂ. ನೆರೆಯವನ ದನಿಯನ್ನು ಕೇಳದೆ ಬೆಳೆದ ಕಲಾವಿದ ಮುಂದೊಂದು ದಿನ ಬಪ್ಪನಾಗಿ ಏನು ಮಾತಾಡಿಯಾನು?

ನಿರಾಶೆಗೆ ಮಾತ್ರ ಕಾರಣವಿದೆ ಎಂದಲ್ಲ. ತಾಳಮದ್ದಳೆಯಲ್ಲಿ ಜಬ್ಬಾರ್ ಸಮೋ ಸಂಪಾಜೆಯವರ ಅರ್ಥ ಕೇಳಲು ಜನ ಸೇರುತ್ತಾರೆ. ಬಂಟ್ವಾಳ ತಾಲೂಕಿನ ವಿಟ್ಲದ ಅರ್ಶಿಯಾ ಮಹಿಷಾಸುರನ ವೇಷ ಕಟ್ಟಿ ಆರ್ಭಟಿಸಿದ್ದಾರೆ. ನಾವು ಹಿಂದೆ ತಿರುಗಿ ನೋಡಿ ಹೆದರಿದ ಅದೇ ವೇಷ! ಈಗ ಧರ್ಮಸ್ಥಳ ಮೇಳವೂ ಸೇರಿದಂತೆ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ನಡುರಾತ್ರಿಗೆ ಮಂಗಳ ಹಾಡುತ್ತಾರೆ. ಆಟ ಚಿಕ್ಕದಾದುದು ನಮ್ಮನ್ನು ಅಷ್ಟೇನೂ ಕಾಡುವುದಿಲ್ಲ. ಗದ್ದೆಯಲ್ಲಿ ಕೂರುವವರು ಒಂದೇ ಬಗೆಯವರಾದರೆ ಎಂಬ ಚಿಂತೆ ಕಾಡುತ್ತದೆ. ಮನೆಯಲ್ಲಿ ಹೇಳದೆ ಹೋಗುವ ಹುಡುಗರು ಇನ್ನೂ ಇರಲಿ, ಅವರಿಗೆ ಹಿಂದಿನ ಸಾಲಿನಲ್ಲಾದರೂ ಜಾಗ ಇರಲಿ.